ಹುಲಿಗೆವ್ವನ ಎಡಕ್ಕೆ

ನನ್ನ ಎಡಮನೆಯ ಫಕೀರವ್ವನನ್ನು ಕೇಳಿದರೆ, ನಾನು ಹಟಮಾರಿ, ಗುಡುಗಿಗೆ ಹೆದರುವವಳಲ್ಲ, ಮದುವೆ ಮಾಡಿಕೊಳ್ಳುವ ಮನಸ್ಸಿಲ್ಲದವಳು, ಬದನೆಕಾಯಿ ಎಂದರೆ ಪ್ರಾಣ ಬಿಡುವವಳು. ಊರಿನಲ್ಲಿ ನನ್ನ ಬಾಳು ಈ ಮಾತುಗಳ ಮೇಲೆಯೇ ನಡೆದುಬಂದಿದೆ. ಬದನೆಕಾಯಿಯ ವಿಷಯದಲ್ಲಿ ಅವಳು ಎಡವಿದ್ದಾಳೆ. ಎಂದೋ ಒಮ್ಮೆ ನೆಂಟರು ಬರುತ್ತಾರೆಂದು ಸಂತೆಯಿಂದ ಒಂದು ಬುಟ್ಟಿ ಬದನೆಕಾಯಿ ಹೊತ್ತು ತಂದಿದ್ದೆ, ಅದನ್ನು ಅವಳು ನೋಡಿಬಿಟ್ಟಳು. ಅಂದಿನಿಂದ ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ತಾಟಿಗೆ ಬದನೆಕಾಯಿ ಪಲ್ಯ ಎರಡು ಸೌಟು ಹೆಚ್ಚೇ ಬೀಳುತ್ತದೆ. ಬೇಡ ಎನ್ನುವಂತಿಲ್ಲ. ಹೊಸಿಲು ದಾಟಿದ ಮೇಲೆ ನಮ್ಮ ಬಗ್ಗೆ ನಾವೇ ಬಾಯಿ ಬಿಡುವುದು ನಮ್ಮೂರಿನಲ್ಲಿ ಎಲ್ಲಿಯ ಮಾತು? ರೊಟ್ಟಿಯ ಕೆಳಗೆ ಬಚ್ಚಿಟ್ಟು ಎದ್ದು ಬರುತ್ತೇನೆ.

ಊರೆಂದರೆ ಒಂದೇ ಉದ್ದನೆಯ ಓಣಿ. ಗುಡ್ಡದ ಬುಡದಲ್ಲಿ ಶುರುವಾಗಿ ಹೊಳೆಯ ದಂಡೆಗೆ ಹೋಗಿ ನಿಲ್ಲುತ್ತದೆ. ಎಲ್ಲ ಮನೆಗಳ ಬಾಗಿಲೂ ಒಂದೇ ದಿಕ್ಕಿಗೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಹೊಳೆಯ ಕಡೆಗೆ, ಬಲಗೈ ಗುಡ್ಡದ ಕಡೆಗೆ. ಎಡಗೈ ಕಡೆಯ ಮನೆಯವರು ನಮ್ಮ ಬಗ್ಗೆ ಹೇಳುತ್ತಾರೆ, ಬಲಗೈ ಕಡೆಯ ಮನೆಯವರ ಬಗ್ಗೆ ನಾವು ಹೇಳುತ್ತೇವೆ. ದವಾಖಾನೆಗೆ ಹೋದರೆ ಡಾಕ್ಟರು ರೋಗಿಯ ಕೈ ಹಿಡಿದು ಪಕ್ಕದವರನ್ನು ಕೇಳುತ್ತಾರೆ, ಎಲ್ಲಿ ನೋವು, ಯಾವಾಗಿನಿಂದ ಎಂದು. ರೋಗಿ ನರಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಎಡಮನೆಯಲ್ಲಿ ಚಹಾ ಕುಡಿಯುತ್ತಾರೆ. ಮಳೆಗಾಲ ಬರುವುದರೊಳಗೆ ಜನ ಎಡಮನೆಯವರ ಜೊತೆಗಿನ ಜಗಳವನ್ನು ಹೇಗಾದರೂ ಮಾಡಿ ಮುಗಿಸಿಕೊಳ್ಳುತ್ತಾರೆ. ಜ್ವರ ಬರುವ ಕಾಲದಲ್ಲಿ ಮಾತು ಬಿಟ್ಟುಕೊಂಡು ಕೂರಲು ಯಾರಿಗೆ ಧೈರ್ಯ?

ಇದರಲ್ಲಿ ಒಳ್ಳೆಯದೂ ಇದೆ, ಇಲ್ಲವೆನ್ನಲಾರೆ. ಗೋಡೆಯಾಚೆಯಿಂದಲೇ ನನ್ನ ಕೆಮ್ಮು ಕೇಳಿ ಫಕೀರವ್ವ ಕಷಾಯ ತಂದುಕೊಟ್ಟದ್ದುಂಟು. ಅವ್ವ ತೀರಿಕೊಂಡಾಗ ನನ್ನ ದುಃಖವನ್ನು ಕಟ್ಟೆಯ ಮೇಲೆ ಹೇಳಿದವಳು ಅವಳೇ. ನಾನಾಗಿದ್ದರೆ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಇಷ್ಟೆಲ್ಲ ನಿನ್ನ ಬಗ್ಗೆ ನೀನೇ ಹೇಳಿಕೊಳ್ಳುತ್ತಿದ್ದೀಯಲ್ಲ ಎಂದು ನೀವು ಕೇಳಬಹುದು. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಬರೆಯುವುದು ಹೇಳುವುದಲ್ಲ ಎಂದು ಊರಿನ ಹಿರಿಯರ ಬಾಯಿಂದಲೇ ಒಪ್ಪಿಸಿಕೊಂಡವಳು ನಾನು. ಅದು ಹೇಗೆ ಎನ್ನುವುದೇ ಈ ಕಥೆ.

ನಾನು ಊರಿನ ಶಾಲೆಯಲ್ಲಿ ಟೀಚರು. ಶಾಲೆಯಲ್ಲಿ ಎಡಮನೆಯ ಬದಲು ಎಡಕ್ಕೆ ಕೂತವರು. ಹಾಜರಿ ಕೂಗಿದರೆ ಎಡಕ್ಕೆ ಕೂತ ಮಗು ಪಕ್ಕದ ಮಗುವಿನ ಪರವಾಗಿ ಹಾಜರ್ ಎನ್ನುತ್ತದೆ, ನೀರು ಕುಡಿಯಲು ಕೇಳುತ್ತದೆ, ಲೆಕ್ಕ ತಿಳಿದಿಲ್ಲ ಎನ್ನುತ್ತದೆ. ಒಂದು ಸೋಮವಾರ ಬಸಲಿಂಗ ಎನ್ನುವ ಹುಡುಗ ಬೆಳಗಿನಿಂದ ಸಂಜೆಯವರೆಗೂ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದ. ಅವನ ಎಡಕ್ಕೆ ಕೂರುವ ಇಮಾಮ ಅಂದು ರಜೆ. ಏನೋ ಆಟದಲ್ಲಿ ಜಗಳವಾಗಿರಬೇಕು ಎಂದು ನಾನು ಪಾಠ ಮುಂದುವರಿಸಿದೆ. ಸಂಜೆ ಗಂಟೆ ಹೊಡೆದಾಗ ಎದ್ದು ನಿಂತವನು ಅಲ್ಲೇ ಕುಸಿದ. ದವಡೆಯಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಇಡೀ ದಿನ ಆ ನೋವನ್ನು ನುಂಗಿಕೊಂಡು ನನ್ನ ಕಣ್ಣೆದುರಿಗೇ ಕೂತಿದ್ದ. ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡುವಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗುವಿಗೆ ತನ್ನ ನೋವು ತನಗೆ ಗೊತ್ತಿರಬೇಕು, ಬಾಯಲ್ಲಿ ಹೇಳದಿದ್ದರೆ ಹಾಳೆಯ ಮೇಲಾದರೂ ಬರಬೇಕು ಎಂದು ಅಂದೇ ನಿಶ್ಚಯಿಸಿದೆ. ನಾನು ಹಟಮಾರಿ ಎನ್ನುವ ವಿಷಯದಲ್ಲಿ ಫಕೀರವ್ವ ಎಡವಿಲ್ಲ.

ಊರಿನ ಹಿರಿಯರು ದೇವೇಂದ್ರಪ್ಪನವರು. ಕಟ್ಟೆಯ ಮೇಲೆ ಅವರು ಕೂತರೆ ಸಭೆ, ಎದ್ದರೆ ಸಭೆ ಮುಗಿದಂತೆ. ವಾರಕ್ಕೊಂದು ಗಂಟೆ ಮಕ್ಕಳು ತಮ್ಮ ಬಗ್ಗೆ ತಾವೇ ಬರೆಯುತ್ತಾರೆ ಎಂದು ತಿಳಿಸಿದಾಗ ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿ ನನ್ನನ್ನೇ ನೋಡಿದರು.

"ಅಕ್ಕೋರ, ಹುಡುಗುರಿಗೆ ಹೇಳಾಕ ಕಲಸ್ತೀರೇನು, ಬರಿಯಾಕ ಕಲಸ್ತೀರೇನು?"

"ಬರಿಯಾಕ ರೀ. ಬರದದ್ದನ್ನ ಯಾರೂ ಓದಿ ಹೇಳಂಗಿಲ್ಲ. ಬರದ ಹುಡುಗನ ಕೈಯಾಗ ಅದು ಇರತೈತಿ."

"ಯಾರೂ ಓದಂಗಿಲ್ಲ ಅಂದ್ರ ಬರದು ಏನ್ ಉಪಯೋಗ?"

"ಬರದಾವ್ರು ಓದತಾರಲ್ರಿ."

ಅವರಿಗೆ ನಗು ಬಂತು. ನಗುವಿನಲ್ಲೇ ಒಪ್ಪಿಗೆಯೂ ಬಂತು. ಬರೆಯುವುದು ಹೇಳುವುದಲ್ಲ ಎಂದು ಅವರು ಅಂದು ಅಂದದ್ದನ್ನು ನಾನು ಫಕೀರವ್ವನ ಸಾಕ್ಷಿಯಲ್ಲಿ ಗಟ್ಟಿ ಮಾಡಿಕೊಂಡೆ.

ಮೊದಲ ಶುಕ್ರವಾರ ಏಳನೇ ತರಗತಿಯ ಮಕ್ಕಳಿಗೆ ಹಾಳೆ ಹಂಚಿ, ನಿಮ್ಮ ಬಗ್ಗೆ ಬರೆಯಿರಿ ಎಂದೆ. ಎಲ್ಲರೂ ಸರಸರನೆ ಬರೆದರು. ನನಗೋ ಹಿಗ್ಗು. ಬೇಕಾದವರು ಮಾತ್ರ ತೋರಿಸಿ ಎಂದರೆ ಎಲ್ಲರೂ ತಂದು ತೋರಿಸಿದರು. ಒಬ್ಬನ ಹಾಳೆಯಲ್ಲಿ, ನಾನು ಸೋಮಾರಿಯಂತೆ. ಇನ್ನೊಬ್ಬಳದರಲ್ಲಿ, ನನಗೆ ಲೆಕ್ಕ ಬರುವುದಿಲ್ಲವಂತೆ, ಆದರೆ ದನಿ ಚೆನ್ನಾಗಿದೆಯಂತೆ. ಎಡಮನೆಯವರ ಮಾತನ್ನು ಅಚ್ಚುಕಟ್ಟಾಗಿ ಇಳಿಸಿಕೊಂಡಿದ್ದರು ಅಷ್ಟೇ. ಬೇರೆಯವರಿಂದ ಕೇಳಿದ್ದನ್ನೆಲ್ಲ ಹೊಡೆದುಹಾಕಿ ಎಂದೆ. ಹೊಡೆದುಹಾಕಿದರು. ಹಾಳೆಗಳಲ್ಲಿ ಏನೂ ಉಳಿಯಲಿಲ್ಲ. ಇಬ್ಬರು ಹುಡುಗಿಯರು ಅಳಲು ಶುರು ಮಾಡಿದರು. ಆ ಸಂಜೆ ಮನೆಗೆ ಹೋಗುವಾಗ ನನಗೂ ಅಳು ಬರುವಂತಿತ್ತು, ಕೈ ಹಾಕಬಾರದ ಕಡೆ ಕೈ ಹಾಕಿದೆನೇನೋ ಎನ್ನಿಸಿತು.

ಆದರೆ ಬಿಡಲಿಲ್ಲ. ಮುಂದಿನ ವಾರ ಹಾಳೆಯನ್ನು ಉದ್ದಕ್ಕೆ ಮಡಚಲು ಹೇಳಿದೆ. ಮಡಿಕೆಯ ಎಡಕ್ಕೆ ನಿಮ್ಮ ಬಗ್ಗೆ ಊರು ಹೇಳುವುದನ್ನು ಬರೆಯಿರಿ, ಹೊಡೆದುಹಾಕುವುದು ಬೇಡ, ಅದೂ ಇರಲಿ ಎಂದೆ. ಬಲಕ್ಕೆ ನೀವೇ ಕಂಡದ್ದನ್ನು ಮಾತ್ರ ಬರೆಯಿರಿ. ಒಳ್ಳೆಯವನು, ಕೆಟ್ಟವನು, ಸೋಮಾರಿ, ಜಾಣೆ ಎಂಬ ಮಾತುಗಳು ಬೇಡ. ಇವತ್ತು ಬೆಳಗ್ಗೆ ಎದ್ದ ಮೇಲೆ ನಿಮ್ಮ ಕೈ ಏನು ಮಾಡಿತು? ಯಾರೂ ನೋಡದಿದ್ದಾಗ ನೀವು ಏನು ಮಾಡಿದಿರಿ? ಎದೆ ಢವಢವ ಎಂದದ್ದು ಯಾವಾಗ? ಅಷ್ಟು ಬರೆದರೆ ಸಾಕು.

ಮೊದಮೊದಲು ಬಲಭಾಗ ಬರಡಾಗಿಯೇ ಉಳಿಯಿತು. ಹಲ್ಲುಜ್ಜಿದೆ, ರೊಟ್ಟಿ ತಿಂದೆ, ಶಾಲೆಗೆ ಬಂದೆ. ಆಮೇಲೆ ಒಂದೊಂದೇ ಇಣುಕತೊಡಗಿದವು. ಸೋಮಾರಿಯೆನಿಸಿಕೊಂಡ ಹುಡುಗ, ಬೆಳಗಿನ ಜಾವ ಎದ್ದು ಎಮ್ಮೆಯ ಕಿವಿಯಲ್ಲಿನ ಉಣ್ಣೆಹುಳ ಕಿತ್ತೆ ಎಂದು ಬರೆದ. ಲೆಕ್ಕ ಬಾರದ ಹುಡುಗಿ ಸಂತೆಯಲ್ಲಿ ಅಪ್ಪನ ಚಿಲ್ಲರೆಯನ್ನು ತಾನೇ ಸರಿಮಾಡಿದ್ದನ್ನು ಬರೆದಳು, ಬರೆದು ತಾನೇ ಬೆರಗಾದಳು. ಬಸಲಿಂಗ ಬರೆದದ್ದು ಒಂದೇ ಸಾಲು, ಹಲ್ಲು ನೋಯುತ್ತಿದ್ದ ದಿನ ನಾನು ಅಕ್ಕೋರ ಮೇಲೆ ಸಿಟ್ಟಾಗಿದ್ದೆ. ಅದನ್ನು ಓದಿ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ನಾನೂ ಮಕ್ಕಳ ಜೊತೆ ಕೂತು ಒಂದು ಹಾಳೆ ಮಡಚುತ್ತಿದ್ದೆ. ಬಲಭಾಗದಲ್ಲಿ ಬರೆಯಲು ಕೂತಾಗಲೇ ನನಗೆ ತಿಳಿದದ್ದು, ಬದನೆಕಾಯಿ ಬೇಡವಾದರೂ ಎಣ್ಣೆಗಾಯಿಯನ್ನು ಮಾತ್ರ ನಾನು ಒಮ್ಮೆಯೂ ರೊಟ್ಟಿಯ ಕೆಳಗೆ ಬಚ್ಚಿಟ್ಟಿಲ್ಲ.

ಆ ತರಗತಿಯಲ್ಲಿ ಶಾವಂತ್ರಿ ಎಂಬ ಹುಡುಗಿ ಇದ್ದಳು. ಹದಿಮೂರು ತುಂಬಿತ್ತು, ಮಾತು ಕಡಿಮೆ, ಮೊಣಕೈ ಮೇಲೆ ಯಾವಾಗಲೂ ಒಂದು ತರಚು ಗಾಯ. ಅವಳ ಎಡಭಾಗದಲ್ಲಿ ಇದ್ದದ್ದು ಒಂದೇ ಮಾತು, ನನಗೆ ನೀರೆಂದರೆ ಅಂಜಿಕೆ. ಊರಿಗೆಲ್ಲ ಗೊತ್ತಿದ್ದ ಮಾತು ಅದು. ಹೇಳುತ್ತಿದ್ದವಳು ಅವಳ ಎಡಮನೆಯ ಹುಲಿಗೆವ್ವ. ಮುದುಕಿ ಆ ಹುಡುಗಿಯ ಬಗ್ಗೆ ಬೇರೆ ಏನನ್ನೂ ಹೇಳುತ್ತಿರಲಿಲ್ಲ. ಹುಡುಗಿ ಹೇಗಿದ್ದಾಳೆ ಎಂದರೂ ಅದೇ, ಏನು ಓದುತ್ತಾಳೆ ಎಂದರೂ ಅದೇ. ಶಾವಂತ್ರಿಗೆ ಜ್ವರ ಬಂದಾಗ ಡಾಕ್ಟರ ಮುಂದೆಯೂ ಅದನ್ನೇ ಹೇಳಿ, ಆಮೇಲೆ ಜ್ವರದ ಮಾತಿಗೆ ಬಂದಿದ್ದಳು.

ಓಣಿಯ ಆ ತುದಿಯ ಬಗ್ಗೆ ಸ್ವಲ್ಪ ಹೇಳಬೇಕು. ಹೊಳೆಗೆ ಹತ್ತಿಕೊಂಡ ಕೊನೆಯ ಮನೆ ಹಿಂದಿನಿಂದಲೂ ದೋಣಿಯವರದು. ದೋಣಿಯವರ ಬಗ್ಗೆ ಹೇಳುವ ಹಕ್ಕು ದೋಣಿ ಹತ್ತಿದವರಿಗೆಲ್ಲ ಇತ್ತು, ಅದಕ್ಕೇ ಅವರ ಹೆಸರು ಯಾವಾಗಲೂ ಒಂದಿಷ್ಟು ಕೆಟ್ಟಿರುತ್ತಿತ್ತು. ಆ ಮನೆಯ ತಾಯವ್ವ ಹುಲಿಗೆವ್ವನ ಬಗ್ಗೆ ಹೇಳುತ್ತಿದ್ದವಳು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಬೀಸುಕಲ್ಲಿನ ಎರಡು ಕಡೆ ಕೂತು ಹಾಡು ಹೇಳುತ್ತಿದ್ದವರು. ಶಾವಂತ್ರಿಗೆ ಐದು ವರ್ಷವಾಗಿದ್ದಾಗ ಹೊಳೆ ಉಕ್ಕಿ ಬಂತು. ದೋಣಿಯವರ ಮನೆ ಹೋಯಿತು, ತಾಯವ್ವನೂ ಹೋದಳು. ಆಮೇಲೆ ದೋಣಿ ನಡೆಸಲು ಬಂದ ದುರುಗಪ್ಪ ಆಚೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡ. ಹೀಗೆ ಹುಲಿಗೆವ್ವನ ಎಡಕ್ಕೆ ಮನೆ ಇಲ್ಲವಾಯಿತು, ಬರೀ ನೀರು ಉಳಿಯಿತು. ಅವಳ ಹೊಟ್ಟೆನೋವು ಯಾರೂ ಹೇಳದೆ ಬಂದು ಯಾರೂ ಹೇಳದೆ ಹೋಗುತ್ತಿತ್ತು. ಮನೆಯೊಳಗೆ ಹೇಳಿಕೊಳ್ಳೋಣವೆಂದರೆ ಮನೆಯವರು ಅಂತ ಅವಳಿಗೆ ಯಾರೂ ಇರಲಿಲ್ಲ. ಊರು ಅವಳನ್ನು ದೂರವಿಟ್ಟಿತ್ತು ಎಂದಲ್ಲ. ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು, ಕಂಡರೆ ನಗುತ್ತಿದ್ದರು. ಏನಾದರೂ ಬೇಕೇನು ಎಂದು ಕೇಳಲು ಮಾತ್ರ ಯಾರಿಗೂ ತೋಚುತ್ತಿರಲಿಲ್ಲ, ಕೇಳಿದರೆ ಉತ್ತರ ಯಾರು ಕೊಡಬೇಕು?

ಒಂದು ಶುಕ್ರವಾರ ಎಲ್ಲ ಮಕ್ಕಳೂ ಹೋದ ಮೇಲೆ ಶಾವಂತ್ರಿ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ನಿಂತಳು. ಅದರ ಬಲಭಾಗ ತುದಿಯವರೆಗೂ ತುಂಬಿತ್ತು. ಬೆಳಗ್ಗೆ ದುರುಗಪ್ಪನ ಕೈಯಿಂದ ಬಿದಿರ ಗಳ ಜಾರಿ ಸೆಳವಿನಲ್ಲಿ ಹೋಗುತ್ತಿತ್ತು, ನಾನು ಜಿಗಿದು ಹಿಡಿದು ತಂದೆ. ನೀರಿನೊಳಗೆ ಕಣ್ಣು ಬಿಟ್ಟರೆ ಹಸಿರಾಗಿ ಕಾಣುತ್ತದೆ. ಸೆಳವಿಗೆ ಅಡ್ಡ ಈಜಬಾರದು, ಓರೆಯಾಗಿ ಈಜಬೇಕು. ಎದೆ ಢವಢವ ಎಂದಿತು, ಆದರೆ ಅದು ಅಂಜಿಕೆಯದಲ್ಲ, ಓಡಿ ಗೆದ್ದಾಗ ಆಗುತ್ತದಲ್ಲ ಅದು. ನಾನು ದೋಣಿ ನಡೆಸಬೇಕು. ಇಷ್ಟನ್ನೂ ಅವಳು ಪೆನ್ಸಿಲನ್ನು ಒತ್ತಿ ಒತ್ತಿ ಬರೆದಿದ್ದಳು.

"ದುರುಗಪ್ಪಗ ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ಅವ ನಮ್ಮ ಎಡಮನಿ ಅಲ್ಲಲ್ರಿ."

"ಮನ್ಯಾಗ ನಿಮ್ಮವ್ವಗ ಹೇಳಿಲ್ಲೇನ?"

"ಹೇಳೀನ್ರಿ. ಅವ್ವ ನಕ್ಕಳ್ರಿ. ನಿನಕಿಂತ ಹುಲಿಗೆವ್ವಗ ಚಲೋ ಗೊತ್ತಿರತೈತಿ ಅಂದಳು." ಹಾಳೆಯನ್ನು ತಿರುಗಿಸಿ ಮಡಿಕೆಯ ಮೇಲೆ ಬೆರಳಾಡಿಸಿದಳು. "ಅಕ್ಕೋರ, ಎಡಕ್ಕಿರೂ ಅಂಜಿಕಿ ಬಲಕ್ಕ ಎಲ್ಲೂ ಇಲ್ರಿ. ಎಷ್ಟ್ ಸಲ ಹುಡಿಕಿದ್ರೂ ಸಿಗವಲ್ದು. ಹಂಗಾರ ಅದು ಯಾರದ್ರಿ?"

ಟೀಚರುಗಳಿಗೆ ಉತ್ತರ ಹೊಳೆಯದಿದ್ದಾಗ ಏನು ಹೇಳುತ್ತಾರೋ ಅದನ್ನೇ ಹೇಳಿದೆ. "ಅದನ್ನೂ ಬರಿ" ಎಂದೆ.

ಏಳನೇ ತರಗತಿ ಮುಗಿದ ಮಕ್ಕಳನ್ನು ಯಾವ ಕೆಲಸ ಕಲಿಯಲು ಹಚ್ಚಬೇಕು ಎನ್ನುವುದನ್ನು ಕಟ್ಟೆಯ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಎಡಮನೆಯವರು ಎದ್ದು ಮಗುವಿನ ಬಗ್ಗೆ ಹೇಳಬೇಕು, ದೇವೇಂದ್ರಪ್ಪನವರು ಕೇಳಿ ಕೆಲಸ ಗೊತ್ತು ಮಾಡಬೇಕು. ಹೆತ್ತವರಿಗೆ ಅಲ್ಲಿ ಮಾತಿಲ್ಲ. ನೀರಿಗೆ ಅಂಜುವ ಮಕ್ಕಳನ್ನು ಗುಡ್ಡದಾಚೆಯ ಸುಣ್ಣದ ಭಟ್ಟಿಗೆ ಕಳಿಸುವುದು ವಾಡಿಕೆ, ಅಲ್ಲಿ ಹೊಳೆಯ ಸಪ್ಪಳವೂ ಕೇಳಿಸುವುದಿಲ್ಲ. ಒಮ್ಮೆ ಹೋದವರು ಅಲ್ಲೇ ಉಳಿದು ದೊಡ್ಡ ಹಬ್ಬಕ್ಕಷ್ಟೇ ಇಳಿದು ಬರುತ್ತಾರೆ, ಬಂದಾಗ ಅವರ ಅಂಗೈ ಸುಣ್ಣಕ್ಕೆ ಸುಟ್ಟು ಬಿರುಕು ಬಿಟ್ಟಿರುತ್ತದೆ. ಸಭೆಗೆ ಇನ್ನು ಹೆಚ್ಚು ದಿನಗಳಿರಲಿಲ್ಲ. ಸೆಳವಿಗೆ ಓರೆಯಾಗಿ ಈಜಬೇಕೆಂದು ತಾನೇ ಕಂಡುಕೊಂಡ ಹುಡುಗಿ ಭಟ್ಟಿಯ ಮುಂದೆ ಕೂರುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ, ಎಣ್ಣೆಗಾಯಿ ಕೂಡ.

ಮೊದಲು ಹುಲಿಗೆವ್ವನ ಮನೆಗೆ ಹೋದೆ. ಅವಳು ಅವಲಕ್ಕಿ ಕೊಟ್ಟಳು. ಹೊಳೆಯ ಕಡೆಯ ಕಿಟಕಿಗೆ ಹಲಗೆ ಬಡಿದಿತ್ತು, ಹಾಗಾಗಿ ಹಗಲಿನಲ್ಲೇ ಮನೆಯೊಳಗೆ ಮಬ್ಬು. ಹೊಳೆ ಹತ್ತು ಹೆಜ್ಜೆಯಲ್ಲಿದ್ದರೂ ಮೂಲೆಯ ಹಂಡೆಯಲ್ಲಿದ್ದದ್ದು ಗುಡ್ಡದ ಬಾವಿಯ ನೀರು, ಶಾವಂತ್ರಿ ದಿನವೂ ಹೊತ್ತು ತಂದುಕೊಡುತ್ತಿದ್ದಳು. ಇವೆಲ್ಲ ನನ್ನ ಕಣ್ಣಿಗೆ ಬಿದ್ದವು. ಬಿದ್ದು ಏನು ಬಂತು, ನಾನು ಬಂದ ಕೆಲಸದ ಗುಂಗಿನಲ್ಲಿದ್ದೆ.

"ಆಯಿ, ಶಾವಂತ್ರಿ ದೊಡ್ಡಾಕಿ ಆಗ್ಯಾಳ. ಸಣ್ಣಾಕಿದ್ದಾಗಿನ ಮಾತು ಈಗ್ಯಾಕ ಹೇಳ್ತಿ? ದಿನಾ ಹೊಳ್ಯಾಗ ಈಜ್ತಾಳ ಆಕಿ."

ಮುದುಕಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಗೊತ್ತೈತಿ ಬಿಡವ್ವ" ಎಂದಳು.

"ಗೊತ್ತಿದ್ದ ಮ್ಯಾಲ ಸಭಾದಾಗ ಅದನ್ನ ಹೇಳಬಾರದ?"

"ಹೇಳ್ಬೇಕಂತೀನಿ. ಬಾಯಿ ತಗದ್ರ ಅದೊಂದ ಮಾತ ಬರತೈತಿ." ಅವಳ ಕಣ್ಣು ಹಲಗೆ ಬಡಿದ ಕಿಟಕಿಯ ಕಡೆಗೆ ಹೋಗಿ ಬಂತು. "ನೀ ಅವಲಕ್ಕಿ ತಿನ್ನು."

ಅಲ್ಲಿಂದ ನೇರ ದೇವೇಂದ್ರಪ್ಪನವರ ಹತ್ತಿರ ಹೋದೆ. ಹುಡುಗಿ ಬರೆದದ್ದನ್ನು ಸಭೆಯಲ್ಲಿ ಓದಲು ಬಿಡಿ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಜಗಳ ಮಾಡಲು ಸುಲಭವಾಗುತ್ತಿತ್ತು.

"ಬರಿಯೂದು ಹೇಳೂದಲ್ಲ ಅಂತ ನೀವ ಒಪ್ಪಿಸಿದ್ರಿ. ಓದಿದ್ರ ಹೇಳಿಧಂಗ ಆತಲ್ರಿ ಅಕ್ಕೋರ?"

"ತಪ್ಪು ಮಾತಿನ ಮ್ಯಾಲ ಆ ಹುಡಿಗಿ ಬಾಳೇ ಹೋಗತೈತ್ರಿ."

"ಇವತ್ತ ಆಕಿ ತನ್ನ ಬಗ್ಗೆ ತಾನ ಹೇಳಲಿ. ನಾಳೆ ನಾ ಹೇಳ್ತೀನಿ, ನಾಡಿದ್ದ ನೀವ ಹೇಳ್ತೀರಿ. ಎಲ್ಲಾರೂ ತಮ್ಮ ತಮ್ಮ ಬಗ್ಗೆ ಹೇಳಾಕ ಹತ್ತಿದ್ರ, ಬಾಜೂ ಮನಿ ಕಡೆ ನೋಡಾವ್ರು ಯಾರ್ರೀ?"

ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಆದರೂ ಮೂರು ಸಲ ಅವರ ಮನೆ ಮೆಟ್ಟಿಲು ಹತ್ತಿದೆ. ಮೂರನೆಯ ಸಲ ಅವರ ಹೆಂಡತಿ ನನಗೆ ಬದನೆಕಾಯಿ ಪಲ್ಯ ಬಡಿಸಿ ಕಳಿಸಿದರು.

ಸಭೆಯ ಹಿಂದಿನ ದಿನ ಶಾವಂತ್ರಿಯನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆ. ನನ್ನಿಂದ ಆಗಲಿಲ್ಲ ತಂಗಿ, ಎಂದೆ. ಹುಡುಗಿ ಅಳುತ್ತಾಳೆಂದುಕೊಂಡಿದ್ದೆ. ಅವಳು ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು, ಲೆಕ್ಕ ಅರ್ಧ ಬಿಡಿಸಿದವರು ಮಧ್ಯದಲ್ಲಿ ಕರೆದರೆ ನೋಡುತ್ತಾರಲ್ಲ, ಹಾಗೆ.

"ಅಕ್ಕೋರ, ನೀವು ಅದನ್ನೂ ಬರಿ ಅಂದಿದ್ರಿ. ಬರದೀನ್ರಿ. ಯಾರದು ಅಂತ ಗೊತ್ತಾತ್ರಿ."

"ಯಾರದವ್ವ?"

"ನಾಳೆ ನೋಡ್ರಿ" ಎಂದು ಹೊರಟೇಬಿಟ್ಟಳು. ಹಾಳೆ ತೋರಿಸು ಎಂದು ನಾನು ಕೇಳಲಿಲ್ಲ. ನಾನೇ ಮಾಡಿದ ನಿಯಮ ಅದು, ಮುರಿಯಲು ಮನಸ್ಸಾಗಲಿಲ್ಲ. ಆದರೆ ಮನೆ ಸೇರಿದ ಮೇಲೆ ಕೇಳಿದ್ದರೆ ಚೆನ್ನಾಗಿತ್ತು ಎಂದು ಹೊರಳಾಡಿದೆ.

ಸಭೆಗೆ ಊರೇ ಸೇರಿತ್ತು. ಬಸಲಿಂಗನ ಬಗ್ಗೆ ಹೇಳಿದರು, ಅವನನ್ನು ಬಡಿಗತನಕ್ಕೆ ಹಚ್ಚಿದರು, ಅವನ ಮುಖ ಅರಳಿತು. ಇನ್ನೂ ಒಂದಿಬ್ಬರದು ಮುಗಿಯಿತು. ಆಮೇಲೆ ದೇವೇಂದ್ರಪ್ಪನವರು ಶಾವಂತ್ರಿಯ ಹೆಸರು ಕರೆದರು. ಅವಳು ಬಂದು ಕಟ್ಟೆಯ ಮುಂದೆ ನಿಂತಳು, ಕೈಯಲ್ಲಿ ಹಾಳೆ ಇರಲಿಲ್ಲ. ವಾಡಿಕೆಯಂತೆ ಹುಲಿಗೆವ್ವ ಎದ್ದು ಬಂದು ಅವಳ ಎಡಕ್ಕೆ ನಿಂತಳು. ಗುಂಪಿನ ತುದಿಯಲ್ಲಿ ದುರುಗಪ್ಪ ಗಳ ಊರಿಕೊಂಡು ಕೂತಿದ್ದ, ಅವನು ನೆಲ ನೋಡುತ್ತಿದ್ದ.

"ಹೇಳವ್ವ ಹುಲಿಗೆವ್ವ."

ಮುದುಕಿ ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ನೋಡಿದಳು. ಹೇಳು, ಹೇಳು ಎಂದು ನಾನು ಕೂತಲ್ಲೇ ತುಟಿ ಅಲ್ಲಾಡಿಸುತ್ತಿದ್ದೆ.

"ಈ ಹುಡಿಗಿಗೆ" ಎಂದಳು ಹುಲಿಗೆವ್ವ. "ಈ ಹುಡಿಗಿಗೆ ನೀರಂದ್ರ ಅಂಜಿಕಿ ಐತ್ರಿ."

ದುರುಗಪ್ಪ ಎದ್ದು ಬೆನ್ನು ತಿರುಗಿಸಿದ. ದೇವೇಂದ್ರಪ್ಪನವರು ಸುಣ್ಣದ ಭಟ್ಟಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಶಾವಂತ್ರಿ ನಿಂತ ಜಾಗದಿಂದ ಕದಲಿದಳು. ಮುದುಕಿಯ ಬೆನ್ನ ಹಿಂದಿನಿಂದ ಬಳಸಿಕೊಂಡು ಬಂದು ಅವಳ ಎಡಗೈ ಪಕ್ಕದಲ್ಲಿ ನಿಂತಳು.

"ನಮ್ಮ ಹುಲಿಗೆವ್ವ ಆಯಿಗೆ ನೀರಂದ್ರ ಅಂಜಿಕಿ ಐತ್ರಿ" ಎಂದಳು.

ಯಾರೋ ಹಿಂದಿನಿಂದ ಏ ಹುಡುಗಿ ಎಂದರು. ದೇವೇಂದ್ರಪ್ಪನವರು ಕೈ ಎತ್ತಿದರು.

"ನೀ ಆಕಿ ಬಲಮನಿ ಹುಡಿಗಿ. ಆಕಿ ಬಗ್ಗೆ ನೀ ಹೆಂಗ ಹೇಳ್ತೀಯವ್ವ?"

"ಆಯಿ ಎಡಕ್ಕ ಹೊಳಿ ಐತ್ರಿ ಯಜ್ಜಾ. ಹೊಳಿ ಏನೂ ಹೇಳಂಗಿಲ್ಲ. ಯಾರಾರ ಬಂದು ನಿಲ್ತಾರೇನೋ ಅಂತ ಎಂಟು ವರ್ಷ ಆತು ಆಯಿ ದಾರಿ ನೋಡಾಕತ್ತು. ಯಾರೂ ಬರಲಿಲ್ಲ, ಅದಕ್ಕ ನಾ ಬಂದು ನಿಂತೀನಿ." ಅವಳು ಮುದುಕಿಯ ಎಡಗೈ ಹಿಡಿದುಕೊಂಡಳು. "ಹೊಳಿ ಬಂದ ದಿನ ಆಯಿ ನನ್ನ ಬಗಲಾಗ ಎತಗೊಂಡು ಮಾಳಿಗಿ ಹತ್ತಿದಳ್ರಿ. ತಾಯವ್ವನ ಮನಿ ಹೋಗೂದನ್ನ ಮ್ಯಾಲಿಂದ ನೋಡಿದ್ವಿ. ನನಗ ಸೀರಿ ಒಳಗ ಬೆಚ್ಚಗಿತ್ತು. ನಡಗತಿದ್ದದ್ದು ನಾ ಅಲ್ರಿ, ಆಯಿ ಕೈ. ಅವತ್ತಿಂದ ಆಯಿ ಹೊಳಿ ನೀರು ಕುಡದಿಲ್ಲ. ಹೊಳಿ ಕಡಿ ಕಿಡಕಿಗೆ ಹಲಗಿ ಬಡದಾಳ. ಮಳಿ ಬಂದ ರಾತ್ರಿ ಮಲಗಂಗಿಲ್ಲ, ನಮ್ಮ ಗ್ವಾಡಿಗೆ ಬೆನ್ನ ಹಚ್ಚಿ ಕುಂದರತಾಳ, ನನಗ ಕೇಳಸತೈತ್ರಿ. ತನ್ನ ಅಂಜಿಕಿ ತಾ ಹೇಳಂಗಿಲ್ಲ, ಹೇಳಾವ್ರು ಬ್ಯಾರೆ ಯಾರೂ ಇಲ್ಲ. ಅದಕ್ಕ ನನ್ನ ಹೆಸರ ಮ್ಯಾಲ ಹೇಳಿದಳ್ರಿ."

ಎದ್ದು ಹೋಗಿ ಒಬ್ಬರ ಎಡಕ್ಕೆ ನಿಲ್ಲಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಇಷ್ಟು ವರ್ಷ ಹೊಳೆದಿರಲಿಲ್ಲ. ಬಸಲಿಂಗನ ಪಕ್ಕದ ಜಾಗ ಖಾಲಿ ಬಿದ್ದಿದ್ದ ದಿನ ತರಗತಿಯ ತುಂಬ ಮಕ್ಕಳಿದ್ದರು, ನಾನೂ ಇದ್ದೆ.

ಹುಲಿಗೆವ್ವ ಅಳಲು ಶುರು ಮಾಡಿದಳು. ಸೆರಗು ಬಾಯಿಗೆ ಹಿಡಿಯದೆ ಮಗುವಿನಂತೆ ಜೋರಾಗಿ ಅತ್ತಳು. ಫಕೀರವ್ವ ಎದ್ದು ಹೋಗಿ ಅವಳನ್ನು ಹಿಡಿದುಕೊಂಡಳು. ದೇವೇಂದ್ರಪ್ಪನವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಬಂದು ಕೂತರು. ಮುದುಕಿಯ ಅಳು ಇಳಿಯುವವರೆಗೂ ಕಾದರು.

"ಕೇಳಿದಿವಿ" ಎಂದರು, ವಾಡಿಕೆಯ ಮಾತು ಅದು, ಎಡಮನೆಯವರು ಹೇಳಿ ಮುಗಿಸಿದಾಗ ಹೇಳುವುದು. ಅದನ್ನು ಅವರು ಶಾವಂತ್ರಿಯ ಮುಖ ನೋಡಿಯೇ ಹೇಳಿದರು. ಆಮೇಲೆ ಮುದುಕಿಯ ಕಡೆ ತಿರುಗಿದರು. "ಹುಲಿಗೆವ್ವ, ನಿನ್ನ ಅಂಜಿಕಿ ಊರಿಗೆ ಗೊತ್ತಾತು. ಈಗ ಹುಡಿಗೀದು ಹೇಳು."

ಹುಲಿಗೆವ್ವ ಕಣ್ಣೊರೆಸಿಕೊಂಡಳು. ಅವಳು ಬಾಯಿ ತೆರೆದಾಗ ನಾನು ಮುಷ್ಟಿ ಬಿಗಿದುಕೊಂಡಿದ್ದೆ.

"ಈಕಿ ದಿನಾ ಮುಂಜಾನೆ ಹೊಳಿಗೆ ಜಿಗೀತಾಳ್ರಿ" ಎಂದಳು. "ಕಿಡಕಿ ಹಲಗ್ಯಾಗ ಒಂದ ಸಂದ ಐತಿ. ಅಲ್ಲಿಂದ ನೋಡೀನಿ. ಜಿಗದಾಕಿ ತಲಿ ಮ್ಯಾಲ ಬರೂತನಕ ಉಸಿರ ಬಿಗಿ ಹಿಡದು ನೋಡೀನಿ. ಒಂದಿನಾನೂ ತಡಾ ಮಾಡಿಲ್ಲ, ಬಂದೇ ಬಂದಾಳ. ನೀರಾಗ ಈಕಿ ಮೀನ ಇದ್ಧಂಗ್ರಿ. ಈಕಿಗೆ ಅಂಜಿಕಿ ಇಲ್ಲ. ಬರೇ ಹಟ ಐತಿ."

ಗುಂಪಿನ ತುದಿಯಿಂದ ದುರುಗಪ್ಪ ಬಂದು ಶಾವಂತ್ರಿಯ ಕೈಗೆ ಗಳ ಕೊಟ್ಟ. ದೇವೇಂದ್ರಪ್ಪನವರು ಇನ್ನೂ ಏನೂ ಹೇಳಿರಲಿಲ್ಲ, ಆದರೆ ಅವರೂ ತಡೆಯಲಿಲ್ಲ. ಶಾವಂತ್ರಿಯ ಅವ್ವ ನಗುತ್ತಲೇ ಅಳುತ್ತಿದ್ದಳು.

ಈಗಲೂ ಪ್ರತಿ ಶುಕ್ರವಾರ ಮಕ್ಕಳು ಹಾಳೆ ಮಡಚುತ್ತಾರೆ. ಮೂರನೆಯ ಪ್ರಶ್ನೆಯ ನಂತರ ಇನ್ನೊಂದನ್ನು ಸೇರಿಸಿದ್ದೇನೆ, ಎಡಕ್ಕಿದ್ದು ಬಲಕ್ಕಿಲ್ಲದ್ದು ಯಾರದ್ದಿರಬಹುದು? ಅದಕ್ಕೆ ಕೆಲವರು ತಿಂಗಳುಗಟ್ಟಲೆ ಉತ್ತರ ಬರೆಯುವುದಿಲ್ಲ, ಬರೆಯುವವರೆಗೆ ನಾನು ಬಿಡುವುದಿಲ್ಲ. ತರಗತಿಯಲ್ಲಿ ಯಾರ ಎಡ ಖಾಲಿಯಾದರೂ ಯಾರಾದರೊಬ್ಬರು ಎದ್ದು ಹೋಗಿ ಕೂರುತ್ತಾರೆ, ನಾನು ಹೇಳಬೇಕಾಗಿಲ್ಲ. ಬದನೆಕಾಯಿ ಮಾತ್ರ ತಪ್ಪಿಲ್ಲ. ಫಕೀರವ್ವನಿಗೆ ಹೇಗೆ ತಿಳಿಸಬೇಕೆಂದು ಯೋಚಿಸುತ್ತಿದ್ದೇನೆ.

ದೋಣಿ ಬೆಳಗ್ಗೆ ನಮ್ಮ ದಂಡೆ ಬಿಡುತ್ತದೆ. ಗಳ ಊರುವವಳು ಶಾವಂತ್ರಿ, ಅವಳಿಗೆ ಬೈಯುತ್ತ ಹಿಂದೆ ಕೂರುವವನು ದುರುಗಪ್ಪ. ಹುಲಿಗೆವ್ವನ ಮನೆಯ ಹತ್ತಿರ, ಮೊದಲು ತಾಯವ್ವನ ಮನೆಯಿದ್ದ ಜಾಗಕ್ಕೆ ಬಂದಾಗ ಅವಳು ಗಳ ಊರಿ ದೋಣಿ ನಿಲ್ಲಿಸುತ್ತಾಳೆ. ಹಲಗೆ ತೆಗೆದ ಕಿಟಕಿಯಲ್ಲಿ ಮುದುಕಿ ಕೂತಿರುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ನೋಡುತ್ತಾರೆ. ದೋಣಿಯಲ್ಲಿ ಕೂತವರು ತಡವಾಯಿತೆಂದು ಗೊಣಗುವುದುಂಟು. ಶಾವಂತ್ರಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೋಡಿ ಮುಗಿಸಿ, ಓಣಿಯ ಕಡೆಗೆ ಮುಖ ಮಾಡಿ, ಗುಡ್ಡದವರೆಗೂ ಕೇಳುವಂತೆ ಕೂಗುತ್ತಾಳೆ:

"ನಮ್ಮ ಹುಲಿಗೆವ್ವ ಆಯಿಗೆ ಇವತ್ತ ಮೊಣಕಾಲ ನೋವ ಐತ್ರೋ! ಯಾರಾರ ಎಣ್ಣಿ ತಗೊಂಡ ಹೋಗ್ರಿ!"